ಅಣ್ಣನ ಕೈ ಕಲಿತ ಗಾಡಿ

ಆ ಗಾಡಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಹಳೇ ಮೋಟಾರುಗಳ ಹುಚ್ಚು ಹತ್ತಿದವರು ಇವತ್ತಿಗೂ ಯಾರದೋ ಬಾಯಲ್ಲಿ ಕೇಳಿಕೊಂಡು ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಅಜ್ಜಿ, ನಿಮ್ಮ ಮನೇಲಿ ಅಮೆರಿಕದ ರೇಸ್ ಗಾಡಿ ಇತ್ತಂತಲ್ಲ, ಸ್ವಲ್ಪ ಹೇಳಿ" ಅನ್ನುತ್ತಾರೆ. ಎಂಜಿನ್ನಿಗೆ ಎಷ್ಟು ಸಿಲಿಂಡರು, ಚಕ್ರ ಮರದ್ದೋ ತಂತಿಯದೋ, ದೀಪಕ್ಕೆ ಯಾವ ಗ್ಯಾಸು ಎಂದೆಲ್ಲ ವಿಚಾರಿಸುತ್ತಾರೆ. ಗೊತ್ತಿದ್ದಷ್ಟು ಹೇಳಿ ಕಾಫಿ ಕೊಟ್ಟು ಕಳಿಸುತ್ತೇನೆ. ಅದರ ಸದ್ದಿನ ವಿಷಯ ಮಾತ್ರ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ನಮ್ಮದು ಹಲಸೂರು. ಕೆರೆಯ ಹಿಂದಿನ ಓಣಿಯಲ್ಲಿ ಹೆಂಚಿನ ಮನೆ, ಪಕ್ಕದಲ್ಲಿ ಅಪ್ಪ ಬದುಕಿದ್ದಾಗ ಜಟಕಾ ನಿಲ್ಲಿಸುತ್ತಿದ್ದ ಕೊಟ್ಟಿಗೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ಅಣ್ಣ, ನಾನು, ಇಷ್ಟೇ ಜನ. ಅಣ್ಣ ದಂಡು ಪ್ರದೇಶದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದ. ರಿಚರ್ಡ್ಸ್ ಟೌನಿನಲ್ಲಿ ಒಬ್ಬ ಮುದಿ ಇಂಗ್ಲಿಷ್ ದೊರೆ ತೀರಿಕೊಂಡು, ಅವನ ಬಂಗಲೆ ಖಾಲಿ ಮಾಡುವಾಗ ಕುದುರೆ ಲಾಯದ ಹುಲ್ಲಿನ ಕೆಳಗೆ ಈ ಗಾಡಿ ಸಿಕ್ಕಿತು. ಬೇರೆ ಯಾರಿಗೂ ಅದು ಬೇಡವಾಗಿತ್ತು. ಅಣ್ಣ ಎತ್ತಿನಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಓಣಿಯವರೆಲ್ಲ ಹೆಣ ನೋಡಲು ಬಂದವರಂತೆ ಬಾಗಿಲಲ್ಲಿ ನಿಂತು ನೋಡಿದರು.

ಅದಕ್ಕೆ ಬಾಗಿಲಿಲ್ಲ, ಮೇಲೆ ಮುಚ್ಚಿಗೆಯಿಲ್ಲ. ಮುಂದೆ ಉದ್ದನೆಯ ಎಂಜಿನ್ ಪೆಟ್ಟಿಗೆ, ಅದರ ಹಿಂದೆ ಬಕೆಟ್ಟಿನಂಥ ಎರಡು ಸೀಟು, ಸೀಟುಗಳ ಬೆನ್ನಿಗೆ ಅಡ್ಡಲಾಗಿ ಮಲಗಿಸಿದ ಪೆಟ್ರೋಲ್ ಪೀಪಾಯಿ. ಸ್ಟಿಯರಿಂಗ್ ಕಂಬಕ್ಕೆ ತಟ್ಟೆಯಗಲದ ಒಂದು ದುಂಡು ಗಾಜು ಸಿಕ್ಕಿಸಿದ್ದರು. ಗಾಳಿಗೆ ಅಷ್ಟೇ ತಡೆ, ಅದೂ ಓಡಿಸುವವನಿಗೆ ಮಾತ್ರ. ಪಕ್ಕದಲ್ಲಿ ಕೂತವನು ಹುಳ ನುಂಗಿಕೊಂಡೇ ಹೋಗಬೇಕು. ಬ್ರೇಕು ಹೆಸರಿಗಷ್ಟೇ ಇತ್ತು. ಬಣ್ಣ ಮಾತ್ರ ಅರಿಸಿನ, ಉಜ್ಜಿದಷ್ಟೂ ಹೊಳೆಯುತ್ತಿತ್ತು.

"ಇದಕ್ಕೆ ಬಟ್ಟೆ ಹಾಕೋದೇ ಮರ್ತಿದಾರಲ್ಲೋ" ಅಂದೆ.

"ಅದೇ ಕಣೇ ಗೂಬೆ, ಇದರ ಚೆಂದ. ಓಡೋಕೆ ಬೇಡದ್ದು ಒಂದು ತುಂಡೂ ಇಲ್ಲ ನೋಡು" ಅಂದ ಅಣ್ಣ. ನನಗೆ ಅವನಿಟ್ಟ ಹೆಸರು ಗೂಬೆ. ಬೇರೆ ಯಾರಿಗೂ ಹಾಗೆ ಕರೆಯುವ ಧೈರ್ಯ ಇರಲಿಲ್ಲ, ಕರೆದಿದ್ದರೆ ನಾನು ಸುಮ್ಮನೆ ಬಿಡುತ್ತಲೂ ಇರಲಿಲ್ಲ.

ಭಾನುವಾರ ಬಂದರೆ ಕೊಟ್ಟಿಗೆಯಲ್ಲಿ ಸಭೆ. ಅಣ್ಣನ ಜೊತೆ ಮುಖ್ಯವಾಗಿ ಇಬ್ಬರು. ಒಬ್ಬರು ಶಿವಾಜಿನಗರದಲ್ಲಿ ಹಳೇ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ ಸಾಹೇಬರು. ಇನ್ನೊಬ್ಬ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಣ್ಣನ ಗೆಳೆಯ, ಕೆ.ಆರ್. ಪುರದ ಕಡೆಯವನು, ತಂದೆತಾಯಿ ಇಲ್ಲದವನು. ಮಾತು ಕಡಿಮೆ, ನನ್ನನ್ನು "ತಂಗ್ಯಮ್ಮ, ನೀವು" ಎಂದೇ ಕರೆಯುತ್ತಿದ್ದ. ಹಳೇ ಪೇಪರಿನವನ ಹತ್ತಿರ ಆರಿಸಿ ತಂದ ಅಮೆರಿಕದ ಪತ್ರಿಕೆಗಳನ್ನು ಹರಡಿಕೊಂಡು ಮೂವರೂ ವಾದ ಮಾಡುತ್ತಿದ್ದರು. ತಾವು ಹುಟ್ಟುವ ಹೊತ್ತಿಗೆ ನಡೆದು ಮುಗಿದ ರೇಸುಗಳಲ್ಲಿ ಯಾವ ಗಾಡಿ ಯಾಕೆ ಸೋತಿತು ಎಂದು ಸ್ವಂತ ಅಳಿಯನಿಗೆ ಅನ್ಯಾಯವಾದಂತೆ ಜಗಳ. ಇಂಗ್ಲೆಂಡಿನ ಗಾಡಿ ಹೊಗಳಿದವನಿಗೆ ಅವತ್ತು ಕಾಫಿ ಇಲ್ಲ. ನನಗೆ ನಗುವೂ ಬರುತ್ತಿತ್ತು, ಮೈ ಉರಿಯುತ್ತಲೂ ಇತ್ತು, ಯಾಕೆಂದರೆ ಕಾಫಿ ಮಾಡುವವಳು ನಾನು.

ಅವರಲ್ಲಿ ಒಂದು ನಂಬಿಕೆ ಇತ್ತು. ಗಾಡಿ ಕೈ ಕಲಿಯುತ್ತದೆ ಅನ್ನುವುದು. ಎಂಜಿನ್ ಎಬ್ಬಿಸಲು ಮುಂದಿರುವ ಹ್ಯಾಂಡಲ್ ಒಬ್ಬನೇ ಹೊಡೆದು ಒಬ್ಬನೇ ಓಡಿಸಿದರೆ ಅದು ಆ ಕೈಗೆ ಪಳಗುತ್ತದೆ, ಬೇರೆ ಕೈ ಬಿದ್ದರೆ ಕೆಡುತ್ತದೆ. ಹಾಗಾಗಿ ಅಣ್ಣನೊಬ್ಬನೇ ಅದನ್ನು ಸ್ಟಾರ್ಟ್ ಮಾಡಬೇಕು. ಸಾಹೇಬರು ಎಷ್ಟು ಆಸೆಪಟ್ಟರೂ ಹ್ಯಾಂಡಲ್ ಮುಟ್ಟುತ್ತಿರಲಿಲ್ಲ. "ನಕ್ಕೋ, ನಕ್ಕೋ, ನಂಗ್ಬೇಡ, ಯಜಮಾನ್ರ ಕೈಯೇ ಬೇಕು" ಅನ್ನುತ್ತಿದ್ದರು.

ಅಣ್ಣ ಸ್ಟಾರ್ಟ್ ಮಾಡುವುದಕ್ಕೆ ಒಂದು ಕ್ರಮ. ಮೊದಲು ಸೀಟಿನ ಪಕ್ಕದ ಕೈಪಂಪು ಒತ್ತಿ ಪೀಪಾಯಿಗೆ ಗಾಳಿ ತುಂಬುವುದು. ಆಮೇಲೆ ಮುಂದೆ ಬಂದು ಹ್ಯಾಂಡಲನ್ನು ನಿಧಾನವಾಗಿ ಅತ್ತಿತ್ತ ಕುಲುಕುವುದು, ಒಳಗೆ ಮುದುಕನ ಗೊರಕೆಯಂಥ ಸದ್ದು. ಒಂದು ಸಣ್ಣ ಕೆಮ್ಮು, ಅದು ಅಣ್ಣನದು. ಬೊನೆಟ್ಟಿನ ಮೇಲೆ ಅಂಗೈಯ ಏಟು. ಆಮೇಲೆ ಒಂದೇ ಎಳೆತ. ಎದ್ದ ಮೇಲೆ ಕಾಲಿನಿಂದ ಸೈಲೆನ್ಸರಿನ ಬಾಯಿ ತೆರೆದು ಒಮ್ಮೆ ಗರ್ಜಿಸಿ ಮುಚ್ಚುತ್ತಿದ್ದ. ಕೆರೆಯ ಮೇಲಿನ ಹಕ್ಕಿಗಳೆಲ್ಲ ಎದ್ದುಬಿಡುತ್ತಿದ್ದವು.

ಅಮ್ಮನಿಗೆ ಕಣ್ಣು ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಮನೆಮದ್ದು ಹಾಕಿಕೊಂಡು ಕೂತು ಕೆಡಿಸಿಕೊಂಡಿದ್ದರು. ಹಿಂದಿನ ಜಗುಲಿಯಲ್ಲಿ ಕೂತು ಈ ಸದ್ದನ್ನೆಲ್ಲ ಒಂದೊಂದಾಗಿ ಕೇಳಿಸಿಕೊಳ್ಳುತ್ತಿದ್ದರು. ಗರ್ಜನೆ ಮುಗಿದ ಮೇಲೆ "ಆಯ್ತು, ಹೊರಟ ನನ್ನ ಮಗ" ಅನ್ನುತ್ತಿದ್ದರು. ಮುಖ ಕಾಣದವರಿಗೆ ಅದೇ ಮಗನ ಮುಖವಾಗಿತ್ತು.

ಯುದ್ಧ ಬಿರುಸಾದಾಗ ಅಣ್ಣ ಸೈನ್ಯದ ಮೋಟಾರು ದಳಕ್ಕೆ ಸೇರಿದ. ಮಲಯಾಕ್ಕೆ ಕಳಿಸಿದರು. ಹೊರಡುವಾಗ ಫಿಟ್ಟರ್ ಗೆಳೆಯನಿಗೆ ಹೇಳಿದ: "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡೋ, ಇಲ್ದಿದ್ರೆ ಎಂಜಿನ್ ಹಿಡ್ಕೊಂಡ್ಬಿಡತ್ತೆ. ಆದ್ರೆ ನನ್ ಥರಾನೇ ಮಾಡ್ಬೇಕು. ನಾನ್ ಬಂದಾಗ ಅದಕ್ಕೆ ನನ್ನ ಗುರುತಿರ್ಬೇಕು."

ಸಿಂಗಾಪುರ ಜಪಾನಿಯರ ಕೈಗೆ ಬಿದ್ದ ಮೇಲೆ ಅಣ್ಣನ ಸುದ್ದಿ ನಿಂತಿತು. ಕಾಣೆಯಾಗಿದ್ದಾನೆ ಎಂದಷ್ಟೇ ತಿಳಿಸಿದರು. ಅಮ್ಮ ಅಳಲಿಲ್ಲ, ಊಟ ಬಿಟ್ಟರು. ತಟ್ಟೆ ಮುಂದಿಟ್ಟರೆ ಬೆರಳಿನಿಂದ ಅನ್ನ ಸವರಿ ಪಕ್ಕಕ್ಕೆ ದೂಡುತ್ತಿದ್ದರು. ನಾನು ಬೈದೆ, ಕೈಮುಗಿದೆ, ತುತ್ತು ಮಾಡಿ ಬಾಯಿಗೆ ಹಿಡಿದೆ. ಒಣಗಿ ಕಡ್ಡಿಯಾದರು. ಇನ್ನು ಇವರೂ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಪೆಟ್ರೋಲಿಗೆ ರೇಷನ್ ಬಂದಿತ್ತು, ಸಾಹೇಬರು ಎಲ್ಲಿಂದಲೋ ಒಂದು ಲೋಟ ಹೊಂದಿಸಿ ತರುತ್ತಿದ್ದರು. ಅಷ್ಟರಲ್ಲೇ ಗೆಳೆಯ ಭಾನುವಾರ ಬೆಳಿಗ್ಗೆ ಗಾಡಿ ಎಬ್ಬಿಸಿ ನಿಲ್ಲಿಸುತ್ತಿದ್ದ. ಮೊದಮೊದಲು ಅದು ಏಳುತ್ತಲೇ ಇರಲಿಲ್ಲ. ಹ್ಯಾಂಡಲ್ ತಿರುಗಿ ಹೊಡೆದು ಅವನ ಮಣಿಕಟ್ಟು ಊದಿಕೊಂಡಿತ್ತು. ಆಮೇಲೆ ಒಂದು ಭಾನುವಾರ, ಮಂಜು ಇನ್ನೂ ಕೆರೆಯಿಂದ ಎದ್ದಿರಲಿಲ್ಲ, ನಾನು ಜಗುಲಿಯಲ್ಲಿ ಅಮ್ಮನ ತಲೆ ಬಾಚುತ್ತಿದ್ದೆ. ಪಂಪಿನ ಸದ್ದು ಬಂತು. ಗೊರಕೆ. ಕೆಮ್ಮು. ಅಂಗೈಯ ಏಟು. ಒಂದೇ ಎಳೆತ, ಗರ್ಜನೆ.

ಅಮ್ಮನ ಕುತ್ತಿಗೆ ನನ್ನ ಕೈಯಡಿಯಲ್ಲೇ ನೆಟ್ಟಗಾಯಿತು. "ಬಂದ" ಅಂದರು. "ಹೋಗೇ, ಅನ್ನಕ್ಕಿಡು. ಹಸ್ಕೊಂಡಿರ್ತಾನೆ."

ಅದು ಅಣ್ಣ ಅಲ್ಲ, ಅವನ ಗೆಳೆಯ ಎಂದು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೊಟ್ಟಿಗೆಗೆ ಓಡಿ ಬೈದುಬಿಡೋಣ ಎಂದು ಹೋದೆ. ಬಾಗಿಲಲ್ಲಿ ಕಾಲು ನಿಂತುಹೋಯಿತು. ಹೊಗೆಯೊಳಗೆ ಅಣ್ಣ ಗಾಡಿಯ ಮೇಲೆ ಕೂತಿದ್ದ. ಅದೇ ಬಗ್ಗಿದ ಬೆನ್ನು, ಅದೇ ಎಡಕ್ಕೆ ವಾಲಿದ ಹೆಗಲು, ಹ್ಯಾಂಡ್‌ಬ್ರೇಕಿನ ಮೇಲೆ ಬೆರಳು ಕುಣಿಸುವ ಅದೇ ಚಾಳಿ. ಅವನು ತಿರುಗದೆಯೇ ಅಂದ: "ಏನೇ ಗೂಬೆ, ಅಲ್ಲೇ ನಿಂತ್ಬಿಟ್ಟೆ?"

ತಿರುಗಿದಾಗ ಗೆಳೆಯನ ಮುಖ. ಎಂಜಿನ್ ಆರಿಸಿ ಇಳಿದು "ಯಾಕೆ ತಂಗ್ಯಮ್ಮ, ಬೆವತುಬಿಟ್ಟಿದೀರ?" ಎಂದು ಎಂದಿನಂತೆ ಕೇಳಿದ. ನನ್ನನ್ನು ಈಗ ಏನೆಂದು ಕರೆದಿರಿ ಎಂದು ದಬಾಯಿಸಿದೆ. ಏನೂ ಕರೆದಿಲ್ಲ, ಬಾಯೇ ಬಿಟ್ಟಿಲ್ಲ ಎಂದ. ಅವನು ಸುಳ್ಳು ಹೇಳುವವನಲ್ಲ, ಅದು ನನಗೆ ಗೊತ್ತಿತ್ತು. ಆದ್ದರಿಂದಲೇ ಇನ್ನೂ ಹೆದರಿಕೆಯಾಯಿತು.

ಅವತ್ತು ಅಮ್ಮ ತಟ್ಟೆ ಖಾಲಿ ಮಾಡಿದರು. ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾರು ಹಾಕಿಸಿಕೋ, ತುಪ್ಪ ಸಾಲದು ಎನ್ನುತ್ತ ತಾವೂ ಉಂಡರು. ಅವನು ತಲೆಯೆತ್ತದೆ "ಹ್ಞೂಂ" ಎಂದಷ್ಟೇ ಅಂದ. ಹಿತ್ತಲಲ್ಲಿ ಕೈ ತೊಳೆಯುವಾಗ ನಾನು ಹಿಡಿದು ನಿಲ್ಲಿಸಿದೆ.

"ನಾಚಿಕೆ ಆಗಲ್ವಾ ನಿಮಗೆ? ಕುರುಡಿ ಮುಂದೆ ನಾಟಕ ಆಡ್ತೀರಾ?"

"ಅವ್ರು ಉಂಡ್ರಲ್ಲ ತಂಗ್ಯಮ್ಮ" ಅಂದ. ಅವನ ಕಣ್ಣು ತುಂಬಿತ್ತು. "ಅವ್ನು ಬರೋವರ್ಗೂ ಇವ್ರು ಉಳೀಬೇಕಲ್ಲ. ಅವ್ನು ಬಂದ್ಮೇಲೆ ಅವ್ನ ಜಾಗ ಅವ್ನಿಗೆ."

ಅಮ್ಮ ಬದುಕಿದರು. ಸೋಮವಾರದಿಂದ ಶನಿವಾರದವರೆಗೆ ಮುಂದಿನ ಭಾನುವಾರದ ಆಸೆಯ ಮೇಲೆ ಊಟ, ಭಾನುವಾರ ಹಬ್ಬದೂಟ. ಮಗ ಕಾರ್ಖಾನೆಯ ಕಡೆ ಇದ್ದಾನೆ, ಯುದ್ಧದ ಕೆಲಸ, ವಾರಕ್ಕೊಮ್ಮೆ ಬಿಡುತ್ತಾರೆ ಎಂದು ತಾವೇ ಕತೆ ಹೆಣೆದುಕೊಂಡರು. ಓಣಿಯ ಹೆಂಗಸರು ತಮಿಳಿನಲ್ಲಿ ಏನಾದರೂ ಕೇಳಿದರೆ ಅವರಿಗೂ ಅದನ್ನೇ ಹೇಳುತ್ತಿದ್ದರು. ಆ ಹೆಂಗಸರು ನನ್ನ ಮುಖ ನೋಡಿ ಸುಮ್ಮನೆ ಹೋಗುತ್ತಿದ್ದರು.

ಗೆಳೆಯ ಮಾತ್ರ ದಿನೇ ದಿನೇ ಬದಲಾಗುತ್ತ ಹೋದ. ಬೇಕೆಂದು ಮಾಡಿದ್ದಲ್ಲ ಎಂದು ನಾನು ಈಗಲೂ ಆಣೆ ಇಟ್ಟು ಹೇಳುತ್ತೇನೆ. ಆ ಗಾಡಿಯನ್ನು ಎಬ್ಬಿಸಬೇಕಾದರೆ ಅಣ್ಣನ ಹಾಗೆ ಬಗ್ಗಬೇಕಿತ್ತು, ಅಣ್ಣನ ಹಾಗೆ ಉಸಿರು ಹಿಡಿಯಬೇಕಿತ್ತು, ಇಲ್ಲದಿದ್ದರೆ ಅದು ಏಳುತ್ತಿರಲಿಲ್ಲ. ಬಗ್ಗಿ ಬಗ್ಗಿ ಬೆನ್ನು ಹಾಗೇ ಉಳಿಯಿತು. ಹಾಳಾದದ್ದು ಅವನನ್ನು ತಿದ್ದಿ ತಿದ್ದಿ ತನಗೆ ಬೇಕಾದವನನ್ನು ಮಾಡಿಕೊಂಡಿತು. ಕೊಟ್ಟಿಗೆಯ ಬಾಗಿಲು ದಾಟಿದರೆ ಅವನ ನಡಿಗೆಯೇ ಬೇರೆ. ಸಾಹೇಬರಿಗೂ ಅದು ಕಂಡಿತ್ತು. ಒಂದು ದಿನ ನನ್ನ ಹತ್ತಿರ ಬಂದು ಮೆಲ್ಲಗೆ "ತಾಯೀ, ನಾನು ಅವ್ನ ಜೊತೆ ಮಾತಾಡ್ಬೇಕಾದ್ರೆ ಮುಖ ನೋಡೋದು ಬಿಟ್ಬಿಟ್ಟಿದೀನಿ" ಎಂದರು.

ಆಗ ಊರಿನಲ್ಲಿ ಅಮೆರಿಕದ ಸೈನಿಕರು ತುಂಬಿದ್ದರು. ಅವರಲ್ಲೊಬ್ಬ ಒಂದು ಭಾನುವಾರ ಕೆರೆಯ ಕಡೆ ಹೋಗುತ್ತಿದ್ದವನು ಸದ್ದು ಕೇಳಿ ಓಣಿಗೆ ನುಗ್ಗಿ ಬಂದ. ಗಾಡಿ ನೋಡಿದ್ದೇ ಟೋಪಿ ತೆಗೆದ. ಇದನ್ನು ತನ್ನಪ್ಪ ಚಿತ್ರದಲ್ಲಿ ಮಾತ್ರ ನೋಡಿದ್ದು, ತನ್ನ ಊರಿನಲ್ಲೇ ಒಂದೂ ಉಳಿದಿಲ್ಲ ಎಂದು ಬೊನೆಟ್ಟನ್ನು ಕೂಸಿನ ತಲೆ ಸವರುವಂತೆ ಸವರಿದ. ಇದರ ಯಜಮಾನ ಯಾರು ಎಂದು ಕೇಳಿದ.

"ನಾನೇ" ಎಂದ ಗೆಳೆಯ. ತಡವರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಸೈನಿಕ ಹೋದ ಎಷ್ಟೋ ಹೊತ್ತಿನ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ತನ್ನ ಎರಡೂ ಕೈ ತಿರುವಿ ನೋಡಿಕೊಂಡ. ಅವತ್ತಿನಿಂದ ನಾನು ಭಾನುವಾರ ಕೊಟ್ಟಿಗೆಗೆ ಒಬ್ಬಳೇ ಹೋಗುತ್ತಿರಲಿಲ್ಲ.

ಯುದ್ಧ ಮುಗಿಯಿತು. ಒಂದು ಬುಧವಾರ ಮಧ್ಯಾಹ್ನ ಗೇಟಿನ ಬಳಿ ಒಬ್ಬ ನಿಂತಿದ್ದ. ಮೂಳೆ, ಚರ್ಮ, ಗಡ್ಡ. ಬಲಗೈ ಭುಜದಿಂದ ಸುಮ್ಮನೆ ಜೋತುಬಿದ್ದಿತ್ತು. ಭಿಕ್ಷೆಯವನು ಎಂದುಕೊಂಡು ಮುಂದೆ ಹೋಗಪ್ಪ ಎನ್ನಲು ಬಾಯಿ ತೆರೆದೆ. "ಗೂಬೆ" ಎಂದ. ದನಿ ಹರಿದ ಕಾಗದದ ಹಾಗಿತ್ತು. ಜಪಾನಿಯರ ಶಿಬಿರದಲ್ಲಿ ಜ್ವರ ಬಂದು ಗಂಟಲು ಹೋಯಿತಂತೆ, ಮರದ ದಿಮ್ಮಿ ಬಿದ್ದು ಭುಜ ಹೋಯಿತಂತೆ. ಅದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಅವನ ಕುತ್ತಿಗೆಗೆ ಬಿದ್ದು ಅತ್ತದ್ದಷ್ಟೇ ನೆನಪಿದೆ. ಕೈಹಿಡಿದು ಎಳೆದುಕೊಂಡು ಜಗುಲಿಗೆ ಹೋದೆ.

"ಅಮ್ಮಾ, ಅಣ್ಣ ಬಂದ" ಎಂದೆ.

"ಇವತ್ತು ಬುಧವಾರ ಅಲ್ವೇನೇ" ಅಂದರು ಅಮ್ಮ.

ಅಣ್ಣ ಅವರ ಮುಂದೆ ಕೂತು, ಅವರ ಕೈ ತೆಗೆದು ತನ್ನ ಮುಖದ ಮೇಲೆ ಇಟ್ಟುಕೊಂಡ. ಅಮ್ಮನ ಬೆರಳು ಗಡ್ಡದ ಮೇಲೆ, ಗುಳಿಬಿದ್ದ ಕೆನ್ನೆಯ ಮೇಲೆ, ಮೂಗಿನ ಮೇಲೆ ನಿಧಾನವಾಗಿ ಆಡಿದವು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಸೆರಗು ಸರಿಮಾಡಿಕೊಂಡರು, ಪರಗಂಡಸಿನ ಮುಂದೆ ಮಾಡಿಕೊಳ್ಳುವ ಹಾಗೆ.

"ಬನ್ನಿ, ಕೂತ್ಕೊಳ್ಳಿ" ಅಂದರು. "ತುಂಬಾ ಸೊರಗಿದೀರಲ್ಲ. ನನ್ನ ಮಗನ ಜೊತೆ ಕೆಲಸ ಮಾಡ್ತಿದ್ರಾ? ಅವನು ಭಾನುವಾರ ಬರ್ತಾನೆ. ಇದ್ದು ಮಾತಾಡ್ಕೊಂಡು ಹೋಗಿ."

ಹೆತ್ತವಳು ಮಗನಿಗೆ ಬಹುವಚನ ಹಾಕಿದ್ದನ್ನು ನಾನು ಬೇರೆ ಯಾವ ಮನೆಯಲ್ಲೂ ಕೇಳಿಲ್ಲ. ಅಣ್ಣ ಮೊದಲು ತಮಾಷೆ ಎಂದುಕೊಂಡ. "ಅಮ್ಮಾ, ನಾನೇ ಕಣಮ್ಮ" ಅಂದ. ಆ ಒಡೆದ ದನಿಗೆ ಅಮ್ಮ ನನ್ನ ಕಡೆ ಮುಖ ತಿರುಗಿಸಿ, ಇವರಿಗೆ ಮೈ ಸರಿಯಿಲ್ಲವೇನೋ, ಗಂಜಿ ಕೊಡು ಎಂದರು. ನಾನು ಕಿರುಚಾಡಿದೆ, ಇವನೇ ನಿನ್ನ ಮಗ, ಭಾನುವಾರ ಬರುವವನು ಯಾರೋ ಎಂದು. ಅಮ್ಮ ಸಿಟ್ಟಾಗಲಿಲ್ಲ. "ನನ್ನ ಮಗ ಯಾರು ಅಂತ ನೀನು ಹೇಳ್ಕೊಡ್ತೀಯಾ?" ಎಂದರು. ಅಣ್ಣನ ಮುಖ ನೋಡಲು ನನಗಾಗಲಿಲ್ಲ. ಅಷ್ಟು ವರ್ಷ ಅಲ್ಲಿ ಸಾಯದೆ ಉಳಿದದ್ದು ಈ ಜಗುಲಿಗೆ ಬಂದು ಕೂರುವುದಕ್ಕೆ.

ಮರುದಿನ ಬೆಳಿಗ್ಗೆ ಅವನು ಕೊಟ್ಟಿಗೆಗೆ ಹೋದ. ಸದ್ದು ಕೇಳಿದರೆ ಅಮ್ಮನಿಗೆ ಗುರುತು ಹತ್ತುತ್ತದೆ ಎಂದು ಅವನಿಗೆ ನಂಬಿಕೆ. ಪಂಪು ಒತ್ತಿದ. ಬಲಗೈ ಏಳಲಿಲ್ಲ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದ. ಕುಲುಕಿದಾಗ ಆ ಹಳೇ ಗೊರಕೆ ಬರಲಿಲ್ಲ, ಹಲ್ಲು ಕಡಿದ ಹಾಗೆ ಏನೋ ಬಂತು. ಎಳೆದ. ಹ್ಯಾಂಡಲ್ ತಿರುಗಿ ಹೊಡೆದು ಅವನನ್ನು ಗೋಡೆಗೆ ಎಸೆಯಿತು. ಮತ್ತೆ ಎದ್ದ. ಎಷ್ಟೋ ಸಲ ಒದ್ದಾಡಿದ ಮೇಲೆ ಎಂಜಿನ್ ಎದ್ದಿತು, ಕುಂಟುತ್ತ, ಉಗ್ಗುತ್ತ, ಹಾಗೇ ಸತ್ತುಹೋಯಿತು. ಗಾಡಿಗೆ ಗುರುತಿರಬೇಕು ಎಂದು ಅಷ್ಟು ವರ್ಷ ಕಾಪಾಡಿದ್ದರಲ್ಲ, ಅದಕ್ಕೂ ಅವನ ಗುರುತಿರಲಿಲ್ಲ.

ಒಳಗಿನಿಂದ ಅಮ್ಮನ ದನಿ ಬಂತು. "ಅವರಿಗೆ ಹೇಳೇ, ಮುಟ್ಬೇಡಿ ಅಂತ. ಅದು ನನ್ನ ಮಗನ ಗಾಡಿ, ಬೇರೆಯವರ ಕೈ ಬಿದ್ರೆ ಕೆಡತ್ತೆ."

ಭಾನುವಾರ ಗೆಳೆಯ ಬಂದ. ಗೇಟಿನಲ್ಲಿ ಅಣ್ಣನನ್ನು ಕಂಡು ಕೈಯಲ್ಲಿದ್ದ ಪೆಟ್ರೋಲಿನ ಡಬ್ಬಿ ಕೆಳಗಿಟ್ಟು ಅವನ ಕಾಲು ಹಿಡಿದುಕೊಂಡುಬಿಟ್ಟ. ಅಣ್ಣ ಎಬ್ಬಿಸಿ ಅಪ್ಪಿಕೊಂಡ. ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದಾಗ ಇವರಲ್ಲಿ ಅಣ್ಣ ಯಾರು ಎಂದು ಅವನ ಹಳೇ ಪರಿಚಯದವರನ್ನು ಕೇಳಿದ್ದರೂ ಗೆಳೆಯನ ಕಡೆ ಕೈ ತೋರಿಸುತ್ತಿದ್ದರು.

ಗೆಳೆಯನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ನೇರ ಜಗುಲಿಗೆ ಹೋಗಿ ಅಮ್ಮನ ಮುಂದೆ ಕೂತ. "ಅಮ್ಮಾ, ನಾನು ನಿಮ್ಮ ಮಗ ಅಲ್ಲ. ಅವನ ಗೆಳೆಯ. ಕಾರ್ಖಾನೆಯವನು" ಎಂದ. ಅಂದವನೇ ಬೆಚ್ಚಿ ಗಂಟಲು ಮುಟ್ಟಿಕೊಂಡ. ಮತ್ತೆ ಹೇಳಿದ, ಇನ್ನೊಂದು ಸಲ ಹೇಳಿದ. ಮಾತು ಅವನದು, ದನಿ ಅಣ್ಣನದು. ಅಣ್ಣನ ಹಳೆಯ ದನಿ, ತುಂಬಿದ ದನಿ. ಅವನ ಸ್ವಂತ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ನನಗೂ ಬರಲಿಲ್ಲ. ಅಮ್ಮ ನಕ್ಕು ಅವನ ತಲೆ ಸವರಿ "ಬೆಳಿಗ್ಗೆ ಬೆಳಿಗ್ಗೆ ಏನೋ ನಿಂದು ಹುಡುಗಾಟ" ಎಂದರು.

ಗೆಳೆಯ ಹೊರಗೆ ಬಂದು ಇನ್ನು ಈ ಕಡೆ ತಲೆಹಾಕುವುದಿಲ್ಲ, ಊರೇ ಬಿಡುತ್ತೇನೆ ಎಂದ. ಅಣ್ಣ ಅವನ ತೋಳು ಹಿಡಿದು ನಿಲ್ಲಿಸಿ "ನೀನು ಬರದೇ ಇದ್ರೆ ಊಟ ಬಿಡ್ತಾರಲ್ಲೋ" ಎಂದ. ಅದು ನಿಜ. "ನಾನ್ ಹೆಂಗೆ ಸ್ಟಾರ್ಟ್ ಮಾಡ್ತಿದ್ದೆ, ತೋರ್ಸು" ಎಂದ.

ಗೆಳೆಯ ತೋರಿಸಿದ. ಹೀಗೆ ಬಗ್ಗು, ಇಲ್ಲಿ ಕೆಮ್ಮು, ಈಗ ತಟ್ಟು. ಅಣ್ಣ ಪಕ್ಕದಲ್ಲಿ ನಿಂತು ತನ್ನನ್ನೇ ಕಲಿಯಲು ನೋಡಿದ. ಕೆಮ್ಮು ಒಡೆದು ಬಂತು. ಭುಜ ಏಳಲಿಲ್ಲ. ನಾಲ್ಕಾರು ವಾರ ಹೀಗೇ ನಡೆಯಿತು, ಅಮ್ಮ ಪ್ರತಿ ಸಲವೂ ಬೇರೆಯವರ ಕೈ ಎಂದು ಗುರುತು ಹಿಡಿದರು. ಕೊನೆಗೆ ಅಣ್ಣ ಹ್ಯಾಂಡಲನ್ನು ಗೆಳೆಯನ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಹೋಗಿ ಕೂತ. ನಾನು ಕಂಬ ಹಿಡಿದುಕೊಂಡು ಅತ್ತೆ.

ಅವತ್ತು ಗಾಡಿ ಒಂದೇ ಎಳೆತಕ್ಕೆ ಎದ್ದಿತು. ಹೊರಡುವ ಹೊತ್ತಿಗೆ ಅಮ್ಮ ಎಂದೂ ಇಲ್ಲದ ಹಾಗೆ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಪಕ್ಕದ ಸೀಟಿನ ಕಡೆ ಮುಖ ಮಾಡಿ ಕೈ ಜೋಡಿಸಿದರು.

"ನೀವು ಜೊತೇಲಿದೀರಲ್ಲ, ಧೈರ್ಯ ನನಗೆ. ಅವನು ಜೋರಾಗಿ ಓಡಿಸ್ತಾನೆ. ನನ್ನ ಮಗನ್ನ ಹುಷಾರಾಗಿ ಮನೆಗೆ ಕರ್ಕೊಂಡ್ಬನ್ನಿ."

"ಕರ್ಕೊಂಡ್ಬರ್ತೀನಿ, ಅಮ್ಮಾ" ಎಂದ ಅಣ್ಣ.

ಗಾಡಿ ಓಣಿ ತಿರುಗಿತು, ಸದ್ದು ಕೆರೆಯ ಏರಿಯ ಮೇಲೆ ದೂರವಾಯಿತು. ಅಮ್ಮ ನನ್ನ ತೋಳು ಹಿಡಿದುಕೊಂಡು ನಿಧಾನವಾಗಿ ಒಳಗೆ ನಡೆದರು.

"ಒಳ್ಳೆಯವರು ಕಣೇ ಪಾಪ, ಅಮ್ಮಾ ಅಂತ ಬಾಯ್ತುಂಬ ಕರೀತಾರೆ" ಅಂದರು. "ಅವರ ತಾಯಿ ಎಲ್ಲಿದಾರೋ ಏನೋ. ದಾರಿ ಕಾಯ್ತಾ ಇರ್ತಾರೆ."